ಆರನೆಯ ಡಬ್ಬಿ

ಗಂಗಾವತಿಯ ಅಕ್ಕಿ ಗಿರಣಿಗಳ ಕಣದಲ್ಲಿ ನಲವತ್ತೊಂದು ವರ್ಷ ಬೇಯಿಸಿದ ಭತ್ತವನ್ನು ಕಾಲಿನಿಂದ ಕೆದರಿ ಒಣಗಿಸಿದ ಬಾಷಾಬಿಗೆ ಓದು ಬರಹ ಬಾರದು. ಆದರೆ ಒಂದು ಸಿನೆಮಾದ ಕತೆ ಪೂರ್ತಿ ಬಾಯಿಗೆ ಬರುತ್ತದೆ. ಅದನ್ನು ಅವಳು ನೋಡಿದವಳಲ್ಲ. ಅವಳು ಹುಟ್ಟುವ ಹೊತ್ತಿಗೆ ಸಿನೆಮಾಕ್ಕೆ ಮಾತು ಬಂದು, ಹಾಡು ಬಂದು, ಮೂಕಿಯ ಕಾಲ ಮುಗಿದೇ ಹೋಗಿತ್ತು. ಈಗ ಅವಳಿಗೆ ಎಪ್ಪತ್ತೆಂಟು. ತಮ್ಮನ ಮಗಳು ಮೆಹಜಬೀನಳ ಎರಡು ಕೋಣೆಯ ಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ಅವಳ ವಾಸ. ಬಿಸಿ ಭತ್ತದಲ್ಲಿ ಬೆಂದ ಪಾದಗಳು ಒಡೆದು ಸೀಳಿವೆ, ಮೊಣಕಾಲು ಮಾತು ಕೇಳುವುದಿಲ್ಲ. ನಾಲಿಗೆ ಮಾತ್ರ ಇನ್ನೂ ಚುರುಕಾಗಿದೆ. ಆ ನಾಲಿಗೆ ಅವಳ ಅಪ್ಪ ಬಾಬಾಸಾಬನದು ಎಂದು ಓಣಿಯ ಹಳಬರು ಹೇಳುತ್ತಿದ್ದರು. ಹಾಗೆ ಹೇಳುವ ಹಳಬರೂ ಈಗ ಯಾರೂ ಉಳಿದಿಲ್ಲ.

ಬಾಬಾಸಾಬನ ಕೆಲಸವೇ ನಾಲಿಗೆಯದು. ಅವನ ಹರೆಯದ ಕಾಲಕ್ಕೆ ಹೊಸಪೇಟೆಯ ಕಡೆಯ ಒಬ್ಬ ಶೇಟಜಿ ಡೇರೆ ಸಿನೆಮಾ ಇಟ್ಟಿದ್ದ. ಎರಡು ಬಂಡಿ, ಒಂದು ಡೇರೆ, ಕೈಯಿಂದ ತಿರುಗಿಸುವ ಒಂದು ಯಂತ್ರ. ಚಿತ್ರದಲ್ಲಿ ಮಾತಿಲ್ಲ. ನಡುನಡುವೆ ಅಕ್ಷರಗಳು ಬರುತ್ತಿದ್ದವು, ಅವು ಗುಜರಾತಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ನಮ್ಮ ಜನಕ್ಕೆ ಎರಡೂ ಒಂದೇ, ಎರಡೂ ತಿಳಿಯದವು. ಹಾಗಾಗಿ ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಕತೆ ಹೇಳಬೇಕಿತ್ತು. ರಾಜ ಸಿಟ್ಟಾದರೆ ಇವನು ಗುಡುಗಬೇಕು, ಹುಡುಗಿ ಅತ್ತರೆ ಇವನ ಗಂಟಲು ಕಟ್ಟಬೇಕು, ಕುದುರೆ ಓಡಿದರೆ ನಾಲಿಗೆಯಲ್ಲೇ ಟಪಟಪ ಅನ್ನಿಸಬೇಕು. ಮನೆಯಲ್ಲಿ ಉರ್ದು ಆಡುವ ಬಾಬಾಸಾಬ ಪರದೆಯ ಪಕ್ಕ ನಿಂತರೆ ಕನ್ನಡವನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದ. ಟಿಕೀಟು ಕೊಂಡವರಲ್ಲಿ ಅರ್ಧ ಜನ ಚಿತ್ರ ನೋಡಲು ಬಂದವರು, ಇನ್ನರ್ಧ ಬಾಬಾಸಾಬನನ್ನು ಕೇಳಲು ಬಂದವರು.

ಅವನು ಹೆಸರು ಮಾಡಿದ್ದು ‘ಛುಪಾ ಸರದಾರ’ ಎಂಬ ಆರು ಡಬ್ಬಿ ರೀಲಿನ ಚಿತ್ರದಿಂದ. ದೊಡ್ಡ ಮನೆತನದ ಒಬ್ಬ ಸರದಾರನ ಮಗ. ಚಿಕ್ಕಪ್ಪ ಅವನನ್ನು ಕೊಲ್ಲಿಸಲು ಹೊಂಚು ಹಾಕುತ್ತಾನೆ. ಹುಡುಗ ವೇಷ ಮರೆಸಿ ಓಡಿಹೋಗಿ, ದಾರಿಬದಿಯ ಮುಸಾಫಿರಖಾನೆಯಲ್ಲಿ ಪ್ರಯಾಣಿಕರ ಕುದುರೆ ಕಾಯುವ ಆಳಾಗಿ ನಿಲ್ಲುತ್ತಾನೆ. ಎಡಗೈಯಲ್ಲಿ ಮನೆತನದ ಮುದ್ರೆಯುಂಗುರ ಇದೆ, ತೆಗೆಯಲು ಮನಸ್ಸಿಲ್ಲ, ತೋರಿಸಿದರೆ ಪ್ರಾಣಕ್ಕೆ ಕುತ್ತು. ಹಾಗಾಗಿ ಗಾಯವಾಗಿದೆ ಎಂದು ಹೇಳಿ ಕೈಗೆ ಚಿಂದಿ ಸುತ್ತಿಕೊಂಡಿರುತ್ತಾನೆ. ಅಲ್ಲಿನ ಬಾವಿಯಿಂದ ಬಂದವರಿಗೆ ನೀರು ಸೇದಿ ಕೊಡುವ ಬಡ ಹುಡುಗಿ ಒಬ್ಬಳಿಗೆ ಅವನ ಮೇಲೆ ಮನಸ್ಸಾಗುತ್ತದೆ, ಅವನಿಗೂ ಅವಳ ಮೇಲೆ. ಐದನೇ ಡಬ್ಬಿಯ ಕೊನೆಗೆ ಚಿಕ್ಕಪ್ಪ ಸತ್ತ ಸುದ್ದಿ ಬಂದು, ತಿರುಗಿ ಬರುತ್ತೇನೆಂದು ಮಾತು ಕೊಟ್ಟು ಅವನು ಹೋಗುತ್ತಾನೆ.

ಹೊಸಪೇಟೆಯಲ್ಲಿ ಇಪ್ಪತ್ತೆರಡು ದಿನ ಆಟ ನಡೆಯಿತು. ಆಮೇಲೆ ಶೇಟಜಿ ನಿಜಾಮನ ಸೀಮೆಯ ಊರುಗಳನ್ನೂ ಒಂದು ಕೈ ನೋಡೋಣವೆಂದು ಡೇರೆ ಕಿತ್ತ. ಆನೆಗೊಂದಿಯ ಬಳಿ ಹೊಳೆ ದಾಟುವಾಗ ಹರಿಗೋಲು ಒಂದು ಮಗ್ಗುಲಿಗೆ ವಾಲಿ, ಒಂದು ಡಬ್ಬಿ ಮಾತ್ರ ತುಂಗಭದ್ರೆಗೆ ಜಾರಿತು. ಜಾರಿದ್ದು ಆರನೆಯದು. ಮುಂಬಯಿಗೆ ಇನ್ನೊಂದಕ್ಕೆ ಬರೆಸಿದರು, ಉತ್ತರವೇ ಬರಲಿಲ್ಲ. ಗಂಗಾವತಿಯಲ್ಲಿ ಡೇರೆ ಎದ್ದಾಗಿತ್ತು, ಡಂಗುರ ಸಾರಿ ಆಗಿತ್ತು. ಹೇಗಾದರೂ ಮುಗಿಸು ಎಂದು ಶೇಟಜಿ ಬಾಬಾಸಾಬನ ಹೆಗಲ ಮೇಲೆ ಭಾರ ಹಾಕಿ ಕೈತೊಳೆದುಕೊಂಡ.

ಆಗ ಬಾಬಾಸಾಬ ಹೂಡಿದ ಉಪಾಯ ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಮಾತಾಯಿತು. ಐದು ಡಬ್ಬಿ ಮುಗಿದ ಮೇಲೂ ದೀಪ ಆರಿಸಗೊಡಲಿಲ್ಲ. ಪರದೆಯ ಮೇಲೆ ಬರೀ ಬೆಳಕು, ಬೆಳ್ಳಗಿನ ಬಟ್ಟೆ. ಅದರ ಪಕ್ಕ ನಿಂತು, ಕೋಲಿನಿಂದ ಇಲ್ಲದ್ದನ್ನು ತೋರಿಸುತ್ತ ಕೊನೆಯ ಭಾಗವನ್ನು ಬಾಯಿಂದಲೇ ಆಡಿದ. ಮೊದಲ ದಿನ ಜನ ಎದ್ದು ಗಲಾಟೆ ಮಾಡಿದರಂತೆ, ಒಬ್ಬ ಡೇರೆಯ ಹಗ್ಗಕ್ಕೇ ಕೈಹಾಕಿದನಂತೆ. ಎರಡನೆಯ ದಿನ ಅದೇ ಜನ ಹೆಂಡಿರನ್ನೂ ಕರೆದುಕೊಂಡು ಬಂದರು. ಆಮೇಲೆ ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಎಲ್ಲಿ ಹೋದರೂ ಬಾಬಾಸಾಬನ ಬಿಳಿ ಬಟ್ಟೆಯೆದುರು ಜನ ಉಸಿರು ಬಿಗಿಹಿಡಿದು ಕೂತರು. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಏನು ಬದಲಾಯಿತೆಂದು ಮಗಳು ಬಾಷಾಬಿ ಯಾವತ್ತೂ ಕೇಳಲಿಲ್ಲ. ಅಪ್ಪ ಎರಡನೆಯ ದಿನ ಇನ್ನಷ್ಟು ಚೆನ್ನಾಗಿ ಹೇಳಿರಬೇಕು ಎಂದುಕೊಂಡಿದ್ದಳು, ಅಷ್ಟೆ.

ಅವನು ಹೇಳುತ್ತಿದ್ದ ಕೊನೆ ಇದು. ಹೇಳಿದ ದಿನ ಕಳೆದು ಎಷ್ಟೋ ಕಾಲದ ಮೇಲೆ ಸರದಾರ ಬಿಳಿ ಕುದುರೆ ಏರಿ ಒಬ್ಬನೇ ಬರುತ್ತಾನೆ. ಮೈಮೇಲೆ ಜರಿಯಿಲ್ಲ, ಕುದುರೆ ಕಾಯುತ್ತಿದ್ದಾಗಿನ ಹಳೆಯ ಅಂಗಿಯೇ. ಬಾವಿಯ ಹತ್ತಿರ ಇಳಿದು ನೀರು ಕೇಳುತ್ತಾನೆ. ಹುಡುಗಿ ಮುಖ ನೋಡದೆ ಬೊಗಸೆಗೆ ನೀರು ಹೊಯ್ಯುತ್ತಾಳೆ. ಅವನು ಕುಡಿದು, ಎಡಗೈಯ ಚಿಂದಿ ಬಿಚ್ಚಿ, ಉಂಗುರ ತೆಗೆದು ಅವಳ ಬೆರಳಿಗೆ ಹಾಕುತ್ತಾನೆ. ಬೆಳ್ಳಗಿನ ಬಟ್ಟೆಯ ಮೇಲೆ ಆ ಉಂಗುರ ಹೊಳೆದದ್ದನ್ನು ಕಂಡೆವೆಂದು ಆಣೆ ಮಾಡುವವರು ಕುಷ್ಟಗಿಯಲ್ಲಿ ಇದ್ದರಂತೆ.

ಮಾತಿನ ಸಿನೆಮಾ ಬಂದ ಮೇಲೆ ಬಾಬಾಸಾಬನ ಅನ್ನಕ್ಕೆ ಕಲ್ಲು ಬಿತ್ತು. ಕಾಳಿನ ಪೇಟೆಯಲ್ಲಿ ಹರಾಜು ಕೂಗಿ ಹೊಟ್ಟೆ ಹೊರೆದ. ಸಂಜೆ ಮನೆಗೆ ಬಂದರೆ ಮಗಳಿಗೆ ಅದೇ ಕತೆ. ಬಾಷಾಬಿ ಅದನ್ನು ಹಾಲಿನ ಜೊತೆ ಕುಡಿದು ಬೆಳೆದಳು ಎನ್ನಬಹುದು, ಆ ಮನೆಯಲ್ಲಿ ಹಾಲಿದ್ದದ್ದು ಕಡಿಮೆ ಎಂಬುದು ಬೇರೆ ಮಾತು.

ಅವಳಿಗೆ ಹದಿನೆಂಟಾದ ವರ್ಷ, ಎಡದಂಡೆ ನಾಲೆಯ ಕೆಲಸಕ್ಕೆ ಖಾಜಾಹುಸೇನ ಎಂಬುವನೊಬ್ಬ ಬಂದ. ಬಾಷಾಬಿಯೂ ಅಲ್ಲೇ ಮಣ್ಣು ಹೊರುತ್ತಿದ್ದಳು. ಅವನಿಗೆ ಬುಟ್ಟಿ ಹಿಡಿಯಲು ಬರುತ್ತಿರಲಿಲ್ಲ. ಎರಡೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದು ಕೈಗೆ ಬಟ್ಟೆ ಕಟ್ಟಿಕೊಂಡ. ಊಟಕ್ಕೆ ಮುಂಚೆ ಕರವಸ್ತ್ರ ಹಾಸುತ್ತಿದ್ದ, ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ತಿನ್ನುತ್ತಿದ್ದ, ಯಾರೂ ಇಲ್ಲದಾಗ ಉರ್ದು ಪೇಪರು ಓದುತ್ತಿದ್ದ. ಬೇರೆ ಯಾವ ಹುಡುಗಿಯಾದರೂ ಇವನು ಓದು ಬಿಟ್ಟು ಮನೆಯಿಂದ ಓಡಿಬಂದ ಮೈಗಳ್ಳ ಎಂದು ಕಂಡುಹಿಡಿಯುತ್ತಿದ್ದಳು. ಬಾಷಾಬಿ ಬಾಬಾಸಾಬನ ಮಗಳು. ಕೈಗೆ ಕಟ್ಟಿದ ಬಟ್ಟೆ ಕಂಡದ್ದೇ ತಡ, ಅವಳಿಗೆ ಇಡೀ ಕತೆ ತಿಳಿದುಹೋಯಿತು. ನಾಲ್ಕು ತಿಂಗಳಲ್ಲಿ ಅವನ ಬೊಬ್ಬೆ ಮಾಯ್ದವು, ಇಬ್ಬರ ನಡುವೆ ಮಾತು ಬೆಳೆಯಿತು. ಅವನು ಗುಲಬರ್ಗಾದ ಕಡೆಯವನೆಂದೂ, ಅಪ್ಪ ದೊಡ್ಡ ಮನುಷ್ಯನೆಂದೂ ಹೇಳಿದ. ಹೋಗುವ ದಿನ ನಾಲೆಯ ಏರಿಯ ಮೇಲೆ ನಿಂತು, "ಮನ್ಯಾಗ ಒಪ್ಪಿಸಿ ಬರತೀನಿ, ಬಕ್ರೀದದೊಳಗ ಬರತೀನಿ" ಅಂದ.

ಬಕ್ರೀದು ಬಂತು, ಅವನು ಬರಲಿಲ್ಲ. ಬಾಷಾಬಿ ಹೆದರಲಿಲ್ಲ. ಕತೆಯಲ್ಲಿ ಕೂಡ ತಡವಾಗಿತ್ತಲ್ಲ. ಕುಷ್ಟಗಿಯ ದರ್ಜಿಯೊಬ್ಬ ಕೇಳಿ ಬಂದ, ಒಲ್ಲೆನೆಂದಳು. ಕನಕಗಿರಿಯ ಬಳೆಗಾರ ಬಂದ, ಒಳ್ಳೆಯವನು, ಅವನಿಗೂ ಒಲ್ಲೆನೆಂದಳು. ತಾಯಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ನೀನೇ ಒಂದು ಮಾತು ಹೇಳು, ನಿನ್ನ ಮಾತಾದರೆ ಕೇಳುತ್ತಾಳೆ ಎಂದು ಗಂಡನ ಕಾಲು ಹಿಡಿದಳು. ಬಾಬಾಸಾಬ, ಊರೂರು ನಿಂತು ಸಾವಿರ ಜನರ ಬಾಯಿ ಮುಚ್ಚಿಸಿದವನು, ತಲೆ ತಗ್ಗಿಸಿ ಕೂತ. "ಕಾಯ್ತೀನಿ ಅಂತಾಳ. ಕಾಯಲಿ ಬಿಡು" ಎಂದಷ್ಟೇ ಅವನಿಂದ ಹೊರಟದ್ದು.

ಹಾಗೆ ಹನ್ನೆರಡು ವರ್ಷ ಕಳೆದು ಬಾಬಾಸಾಬ ತೀರಿಕೊಂಡ. ಆಮೇಲೆ ತಾಯಿ. ತಮ್ಮನ ಮದುವೆಯಾಯಿತು, ತಮ್ಮನ ಮಗಳದೂ ಆಯಿತು. ನಡುವೆ ಒಮ್ಮೆ ಗಿರಣಿಗೆ ಬಂದ ಲಾರಿಯವನೊಬ್ಬ, ರಾಯಚೂರಿನಲ್ಲಿ ಗುಲಬರ್ಗಾ ಕಡೆಯ ಖಾಜಾಹುಸೇನ ಎಂಬುವನು ಚಪ್ಪಲಿ ಅಂಗಡಿ ಇಟ್ಟಿದ್ದಾನೆ, ನಾಲ್ಕು ಮಕ್ಕಳಿವೆ, ಹರೆಯದಲ್ಲಿ ನಾಲೆ ಕೆಲಸ ಮಾಡಿದ್ದನಂತೆ ಎಂದ. ಅದು ಬೇರೆ ಖಾಜಾಹುಸೇನ ಇರಬೇಕು ಎಂದು ಬಾಷಾಬಿ ಭತ್ತ ಕೆದರುತ್ತ ಮುಂದೆ ಹೋದಳು. ಈ ಹೆಂಗಸಿನ ಮೇಲೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಕಣ್ಣೆದುರಿಗೆ ಇಟ್ಟ ಸತ್ಯವನ್ನು ಕಾಲಿನಿಂದ ಸರಿಸುವವರಿಗೆ ಯಾರು ಏನು ಮಾಡಬೇಕು? ಆದರೆ ಅವಳಿಗೆ ಆ ಲಾರಿಯವನಿಗಿಂತ ಅಪ್ಪ ದೊಡ್ಡವನು. ಅಪ್ಪ ಸಿನೆಮಾ ನೋಡಿ ಹೇಳಿದ್ದ.

ಹೋದ ವರ್ಷ ಬೇಸಿಗೆಯಲ್ಲಿ ಕೊಪ್ಪಳದ ಕಾಲೇಜಿನಲ್ಲಿ ಕಲಿಸುವ ಸುರೇಖಾ ಎಂಬಾಕೆ ಮನೆ ಹುಡುಕಿಕೊಂಡು ಬಂದಳು. ಯಾವುದೋ ಊರಿನ ಹಳೆಯ ವಾಡೆಯ ಪೆಟ್ಟಿಗೆಯಲ್ಲಿ ಮೂಕಿ ಚಿತ್ರದ ಒಂದೇ ಒಂದು ಡಬ್ಬಿ ಸಿಕ್ಕಿದೆ. ಹೆಸರಿಲ್ಲ, ಮೊದಲಿನ ತುಂಡು ಸುಟ್ಟಿದೆ. ಅದು ಯಾವ ಚಿತ್ರದ್ದೆಂದು ಗುರುತು ಹಿಡಿಯಬೇಕು. ಬಾಬಾಸಾಬ ಹೇಳುತ್ತಿದ್ದ ಕತೆ ಮಗಳ ಬಾಯಲ್ಲಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಾರಿ ಸುರೇಖಾಳ ಕಿವಿ ಮುಟ್ಟಿತ್ತು. ಆಕೆ ಎರಡು ದಿನ ಕೂತು ಮೊದಲ ಐದು ಡಬ್ಬಿಯ ಕತೆಯನ್ನು ಬಾಷಾಬಿಯ ಬಾಯಿಂದ ಫೋನಿನಲ್ಲಿ ತುಂಬಿಕೊಂಡಳು. ಮುಸಾಫಿರಖಾನೆ, ಬಾವಿ, ನೀರು ಕೊಡುವ ಹುಡುಗಿ, ಸಿಕ್ಕ ಡಬ್ಬಿಯಲ್ಲೂ ಅವೆಲ್ಲ ಇವೆ, ಹೊಳೆಗೆ ಬಿದ್ದದ್ದರ ಇನ್ನೊಂದು ಪ್ರತಿ ಇದ್ದೀತು ಎಂದಳು. ಕೊನೆಯೂ ಕೂಡಿಬಂದರೆ ಚಿತ್ರಕ್ಕೆ ಹೆಸರು ಸಿಗುತ್ತದೆ, ಅದನ್ನು ಕಾಪಾಡಿ ಇಡುವ ಕಡೆ ಬಾಬಾಸಾಬನ ಹೆಸರನ್ನೂ ಬರೆಯುತ್ತಾರೆ. ಕೂಡದಿದ್ದರೆ, ಮುದುಕಿ ಹೇಳಿದ್ದು ಬೇರೆ ಯಾವುದೋ ಕಟ್ಟುಕತೆ ಎಂದು ಬಿಟ್ಟುಬಿಡುತ್ತಾರೆ.

ಬಾಬಾಸಾಬನ ಒಂದು ಫೋಟೋ ಇಲ್ಲ. ಗೋರಿಗೆ ಕಲ್ಲಿಲ್ಲ, ಅದು ಎಲ್ಲಿತ್ತೆಂದು ಕೂಡ ಈಗ ಖಚಿತ ಇಲ್ಲ. ಅಪ್ಪನ ಹೆಸರು ಒಂದು ಕಡೆ ಅಚ್ಚಾಗಿ ಉಳಿಯುತ್ತದೆ ಎಂಬ ಮಾತನ್ನು ಬಾಷಾಬಿ ಇನ್ನೊಮ್ಮೆ ಹೇಳಿಸಿ ಕೇಳಿದಳು. ಕೊನೆಯ ಭಾಗ ಹೇಳಿರೆಂದು ಸುರೇಖಾ ಕೇಳಿದಾಗ ಮುದುಕಿ ಹಟ ಹಿಡಿದಳು.

"ಮೊದಲ ನನಗ ತೋರಸ್ರಿ ಅಕ್ಕೋರ. ಹುಟ್ಟಿದಾಗಿಂದ ಕೇಳೇನಿ, ಒಂದ ಸಲ ನೋಡ್ತೀನಿ. ಆಮ್ಯಾಲ ಹೇಳ್ತೀನಿ."

ಮೊದಲು ಕೇಳಿ ಆಮೇಲೆ ತೋರಿಸಬೇಕಾದದ್ದು ಪದ್ಧತಿ. ಸುರೇಖಾಳಿಗೆ ಅದು ಗೊತ್ತಿತ್ತು. ಆದರೆ ಎದುರಿಗೆ ಕೂತ ಆ ಮುಖಕ್ಕೆ ಇಲ್ಲ ಎನ್ನಲು ಅವಳಿಂದ ಆಗಲಿಲ್ಲ. ಮುಂದಿನ ವಾರ ಲ್ಯಾಪ್‌ಟಾಪಿನಲ್ಲಿ ಚಿತ್ರ ತುಂಬಿಕೊಂಡು ಬರುತ್ತೇನೆಂದು ಹೋದಳು.

ಆ ವಾರ ಮನೆಯಲ್ಲಿ ಮದುವೆಯೇ ಇದ್ದಂಥ ಸಡಗರ. ಬಾಷಾಬಿ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ತೆಗೆಸಿ ಇಸ್ತ್ರಿ ಮಾಡಿಸಿದಳು, ಕಣ್ಣಿಗೆ ಸುರುಮ ಹಚ್ಚಿಸಿಕೊಂಡಳು. ಫುಪ್ಪು, ಸಿನೆಮಾ ನೋಡುವವರು ನೀವು, ನಿಮ್ಮನ್ನು ಸಿನೆಮಾದವರು ನೋಡುವುದಿಲ್ಲ ಎಂದು ಮೆಹಜಬೀನ ಅತ್ತೆಗೆ ಚೇಷ್ಟೆ ಮಾಡಿದಳು. ಮುದುಕಿ ನಕ್ಕಳು. ಅವಳು ಅರವತ್ತು ವರ್ಷ ಕಾದ ಕುದುರೆ ಕೊನೆಗೂ ಕಣ್ಣಿಗೆ ಬೀಳಲಿತ್ತು.

ಚಿತ್ರ ಹನ್ನೊಂದು ನಿಮಿಷದ್ದು. ಮೊದಲಿಗೆ ಬಿಳಿ ಗೀಟುಗಳು ಹರಿದಾಡಿದವು, ಆಮೇಲೆ ಬಾವಿ ಕಾಣಿಸಿತು. ಬಾಷಾಬಿ ಪರದೆಗೆ ಬೆರಳು ಮುಟ್ಟಿಸಿ, ಅಲ್ಲಿ ನೋಡು ಗಡಗಡಿ, ಅಲ್ಲಿ ನೋಡು ಕುದುರೆ ಕಟ್ಟುವ ಗೂಟ, ಎಂದು ಒಂದೊಂದನ್ನೂ ಗುರುತಿಸಿದಳು. ಹುಡುಗಿ ಬಂದಳು. ಬಾಷಾಬಿ ಎಣಿಸಿದ್ದಕ್ಕಿಂತ ದಪ್ಪಗಿದ್ದಳು, ಇರಲಿ. ಹುಡುಗಿ ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡಿದಳು. ದೂರದಲ್ಲಿ ಧೂಳೆದ್ದಿತು. ಬಂದ, ಬಂದ ಎಂದು ಬಾಷಾಬಿ ಮೆಹಜಬೀನಳ ಮೊಣಕೈ ಹಿಡಿದಳು.

ಧೂಳಿನಿಂದ ಹೊರಬಂದದ್ದು ಮೆರವಣಿಗೆ. ನಗಾರಿ ಬಂತು, ಭರ್ಜಿ ಹಿಡಿದವರು ಬಂದರು, ಬಿಳಿ ಕುದುರೆಗಳು ಒಂದಲ್ಲ ಹತ್ತು ಬಂದವು, ಅವುಗಳ ಮೇಲೆ ಯಾರು ಯಾರೋ ಕೂತಿದ್ದರು. ನಡುವೆ ಎಂಟು ಜನ ಹೊತ್ತ ಮೇಣೆ. ಜರಿಯ ಪರದೆ ಸರಿದಿತ್ತು, ಒಳಗೆ ಅವನು. ಹುಡುಗಿ ಕೊಡ ಹಿಡಿದೇ ಜನರನ್ನು ತಳ್ಳಿಕೊಂಡು ಮುಂದೆ ಬಂದು ನಿಂತಳು. ಅವನು ಅವಳನ್ನು ನೋಡಿದ. ನೋಡಿದ್ದು ಸ್ಪಷ್ಟವಾಗಿ ಕಾಣುತ್ತದೆ, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಎಡಗೈ ಹೊರಗೆ ಬಂತು, ಚಿಂದಿ ಇಲ್ಲದ ಕೈ, ಬೆರಳಲ್ಲಿ ಉಂಗುರ. ಆ ಕೈ ಪರದೆಯನ್ನು ಮುಚ್ಚಿಕೊಂಡಿತು. ಮೇಣೆ ಹೋಯಿತು. ಹಿಂದೆ ಬಿದ್ದ ಹೊರೆಯಾಳೊಬ್ಬ ಹುಡುಗಿಯ ಮುಂದೆ ಬೊಗಸೆ ಒಡ್ಡಿದ. ಅವಳು ಅವನಿಗೆ ನೀರು ಹೊಯ್ದಳು. ಅವನು ಬಾಯಿ ಒರೆಸಿಕೊಂಡು ಓಡಿಹೋದ. ಅಲ್ಲಿಗೆ ಮುಗಿಯಿತು.

ಬಾಷಾಬಿ ಇನ್ನೊಮ್ಮೆ ಹಾಕಲು ಹೇಳಿದಳು. ಮತ್ತೊಮ್ಮೆ ಹೇಳಿದಳು. ಮೂರು ಸಲವೂ ಆ ಕೈ ಹೊರಗೆ ಬಂದು ಪರದೆಯನ್ನು ಮುಚ್ಚಿತು.

ಮೊದಲು ಅವಳಿಗೆ ಹೊಳೆದದ್ದು ಖಾಜಾಹುಸೇನನ ವಿಷಯವಲ್ಲ. ಹೊಸಪೇಟೆಯ ಇಪ್ಪತ್ತೆರಡು ದಿನ. ಆಗ ಆರನೆಯ ಡಬ್ಬಿ ಇತ್ತು. ಇಪ್ಪತ್ತೆರಡು ದಿನವೂ ಅಪ್ಪ, ಅವಳ ಅಬ್ಬಾ, ಈ ಕೈಯನ್ನು ಕಂಡಿದ್ದರು, ಕೋಲಿನಿಂದ ತೋರಿಸಿದ್ದರು, ಇದನ್ನೇ ಆಡಿದ್ದರು. ಹೊಳೆ ದಾಟಿದ ಮೇಲೆ ಮೊದಲ ದಿನವೂ ಇದನ್ನೇ ಹೇಳಿರಬೇಕು. ಚಿತ್ರವೂ ಇಲ್ಲ, ಕೊನೆಗೆ ಸುಖವೂ ಇಲ್ಲ ಎಂದಾಗಲೇ ಜನ ಡೇರೆಯ ಹಗ್ಗಕ್ಕೆ ಕೈಹಾಕಿದ್ದು. ಎರಡನೆಯ ದಿನ ಆ ಬಿಳಿ ಕುದುರೆ ಹುಟ್ಟಿತು. ಡೇರೆ ಉಳಿಯಲೆಂದು ಹುಟ್ಟಿದ ಕುದುರೆ ಅದು. ಜನಕ್ಕೆ ಹೇಳಿದ್ದಕ್ಕೆ ಅವಳಿಗೆ ಬೇಸರವಿಲ್ಲ, ಅದು ಹೊಟ್ಟೆಪಾಡು. ಆದರೆ ಮನೆಯಲ್ಲಿ, ಮಗಳೊಬ್ಬಳೇ ಎದುರಿಗಿದ್ದಾಗಲೂ ಅದನ್ನೇ ಹೇಳಿದರಲ್ಲ. ಮಗಳು ದರ್ಜಿಗೆ ಒಲ್ಲೆ ಎಂದಾಗ, ಬಳೆಗಾರನಿಗೆ ಒಲ್ಲೆ ಎಂದಾಗ, ಯಾಕೆ ಒಲ್ಲೆ ಎನ್ನುತ್ತಿದ್ದಾಳೆಂದು ಲೋಕದಲ್ಲಿ ಗೊತ್ತಿದ್ದವರು ಅವರೊಬ್ಬರೇ. ಹನ್ನೆರಡು ವರ್ಷ ಎದುರಿಗೇ ಕೂತು ನೋಡಿದರು. ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ ಅವಳ ಕೈ ಹಿಡಿದು, "ಆ ಬಿಳಿ ಬಟ್ಟಿ ಮ್ಯಾಲ ಏನೂ ಇರಲಿಲ್ಲ ಬೇಟಾ" ಅಂದಿದ್ದರು. ಗೊತ್ತೈತಿ ಅಬ್ಬಾ, ಡಬ್ಬಿ ಹೊಳಿಗೆ ಬಿದ್ದಿತ್ತಲ್ಲ, ಎಂದು ಇವಳು ಹೊದಿಕೆ ಸರಿಮಾಡಿದ್ದಳು. ಅವರು ಮತ್ತೆ ಬಾಯಿ ತೆರೆದಿರಲಿಲ್ಲ.

ಸುರೇಖಾ ಫೋನು ಮುಂದಿಟ್ಟು ಗುಂಡಿ ಒತ್ತಿದಳು. ನಿಮ್ಮ ತಂದೆಯವರು ಈ ಭಾಗವನ್ನು ಹೇಗೆ ಹೇಳುತ್ತಿದ್ದರು ಎಂದು ಕೇಳಿದಳು. ಅವಳ ದನಿಯಲ್ಲಿ ಅಳುಕಿತ್ತು.

ಮೆಹಜಬೀನ ಆ ಬಿಳಿ ಕುದುರೆಯ ಕತೆ ಕೇಳಿಯೇ ಬೆಳೆದವಳು. ಅವಳು ಬಾಯಿ ತೆರೆದು, "ಫುಪ್ಪು, ಆ ಕುದುರಿ..." ಎನ್ನುವಷ್ಟರಲ್ಲಿ ಬಾಷಾಬಿ ಅವಳ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಒತ್ತಿದ ಕೈಯನ್ನು ತೆಗೆಯಲಿಲ್ಲ. ಆಮೇಲೆ ಬೆನ್ನು ನೇರ ಮಾಡಿಕೊಂಡು ಅಪ್ಪನ ದನಿ ಎತ್ತಿ ಹೇಳತೊಡಗಿದಳು.

"ಕೇಳ್ರೆಪ್ಪಾ ಕೇಳ್ರಿ. ಹುಡುಗಿ ಕೊಡ ಹಿಡಕೊಂಡು ನಿಂತಾಳ. ನಗಾರಿ ಬಂತು, ಭರ್ಜಿ ಬಂತು, ಹತ್ತು ಕುದುರಿ ಬಂದುವು. ಮೇಣೆದಾಗ ಯಾರು ಅದಾನ? ಅವನ. ಹುಡುಗಿ ನೋಡ್ಯಾಳ, ಅವನೂ ನೋಡ್ಯಾನ. ಗುರುತು ಸಿಕ್ಕೈತಿ, ಸಿಕ್ಕಿಲ್ಲ ಅಂತ ತಿಳೀಬ್ಯಾಡ್ರಿ. ಗುರುತು ಸಿಕ್ಕ ಮ್ಯಾಲ ಪರದೆ ಎಳಕೊಂಡಾನ."

ಎಲ್ಲೂ ತಡೆಯದೆ, ಒಂದು ಮಾತೂ ತಪ್ಪದೆ ಕೊನೆಯವರೆಗೆ ಹೇಳಿದಳು. ಆ ಕತೆಯನ್ನು ಅವಳು ಹಾಗೆ ಹೇಳಿದ್ದು ಅದೇ ಮೊದಲು. ಆದರೂ ಎಷ್ಟೋ ವರ್ಷ ಹೇಳಿ ಸವೆದ ಮಾತಿನ ಹಾಗೆ ಸರಾಗವಾಗಿ ಬಂತು. ಹೊರೆಯಾಳು ನೀರು ಕುಡಿದು ಓಡಿದ ಮೇಲೆ ಹುಡುಗಿ ಖಾಲಿ ಕೊಡವನ್ನು ಮತ್ತೆ ಬಾವಿಗೆ ಇಳಿಬಿಟ್ಟಳು ಎಂದು, ಚಿತ್ರದಲ್ಲಿ ಇಲ್ಲದ ಒಂದು ಮಾತನ್ನು ಮಾತ್ರ ಸೇರಿಸಿದಳು. ಮೆಹಜಬೀನ ಎದ್ದು ಅಡುಗೆಮನೆಗೆ ಹೋದಳು.

ಸುರೇಖಾಳ ಮುಖ ಅರಳಿತ್ತು. ತೊಂಬತ್ತು ವರ್ಷದ ಹಿಂದಿನ ಮಾತು ಚಿತ್ರಕ್ಕೆ ಇಷ್ಟು ಸರಿಯಾಗಿ ಕೂಡಿದ್ದನ್ನು ತಾನು ಕಂಡೇ ಇಲ್ಲ, ಇನ್ನು ಚಿತ್ರಕ್ಕೆ ಹೆಸರಿಡಲು ಯಾರ ಅಡ್ಡಿಯೂ ಇಲ್ಲ ಎಂದಳು. ನಿಮ್ಮ ತಂದೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯರಾಗಿದ್ದರು ಎಂದಳು.

"ಹೌದ್ರಿ" ಅಂದಳು ಬಾಷಾಬಿ. "ನಮ್ಮ ಅಬ್ಬಾ ಸುಳ್ಳು ಹೇಳವರಲ್ರಿ."

ಕಾಗದದಲ್ಲಿ ತುಂಬಿಸಲು ಇನ್ನು ಕೆಲವು ವಿವರ ಉಳಿದಿದ್ದವು. ಬಾಬಾಸಾಬನ ಹೆಸರು, ಊರು, ತೀರಿಕೊಂಡ ವರ್ಷ. ಹೇಳಿಕೆ ಕೊಟ್ಟವರ ಹೆಸರು, ವಯಸ್ಸು. ಗಂಡನ ಹೆಸರು ಎಂಬಲ್ಲಿ ಸುರೇಖಾಳ ಪೆನ್ನು ನಿಂತಿತು. ಮದುವೆಯಾಗಿಲ್ಲವೆಂದು ಗೊತ್ತಾದ ಮೇಲೆ, ಬರೆಯುವುದಕ್ಕಲ್ಲ, ಸುಮ್ಮನೆ, ಯಾಕೆ ಆಗಲಿಲ್ಲ ಎಂದು ಮೆಲ್ಲಗೆ ಕೇಳಿದಳು.

ಬಾಷಾಬಿ ಮುಚ್ಚಿದ ಲ್ಯಾಪ್‌ಟಾಪಿನ ಕಡೆ ನೋಡಿದಳು, ಆಮೇಲೆ ತನ್ನ ಒಡೆದ ಪಾದಗಳ ಕಡೆ.

"ಯಾರೂ ಕೇಳಿ ಬರಲಿಲ್ರಿ ಅಕ್ಕೋರ" ಅಂದಳು.

ಸುರೇಖಾ ತಲೆಯಾಡಿಸಿ ಆ ಜಾಗದಲ್ಲಿ ಒಂದು ಗೀಟು ಎಳೆದಳು.